ಕಡ್ಡಿಯಣ್ಣನ ಕಿವಿ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಅವಳು ಸತ್ತ ಗಂಡನ ಉಗುರುಗಳನ್ನು ಒಂದೊಂದಾಗಿ ತಿಕ್ಕುತ್ತಿದ್ದಳು. ನಾಲ್ಕು ಬೆರಳು ಮುಗಿದಿದ್ದವು. ಹೆಬ್ಬೆರಳಿನ ಗ್ರೀಸು ಮಾತ್ರ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ.

"ಅದು ಹೋಗಲ್ಲ ಅತ್ತಿಗೆ," ಎಂದಳು ಮಂಚದ ಆಚೆ ಬದಿ ಕೂತಿದ್ದ ನಾದಿನಿ. "ಸ್ಪೋಕಿನ ಚಾವಿ ಒತ್ತಿ ಒತ್ತಿ ಚರ್ಮದ ಒಳಗೇ ಇಳಿದುಬಿಟ್ಟಿದೆ. ನನ್ನದೂ ನೋಡಿ."

ಅವಳು ಎತ್ತಿ ತೋರಿಸಿದ ಹೆಬ್ಬೆರಳಿನಲ್ಲೂ ಅದೇ ಜಾಗದಲ್ಲಿ ಅದೇ ಕಪ್ಪು ಇತ್ತು.

ಹೆಂಡತಿಗೆ ಮೈಯೆಲ್ಲ ಉರಿಯಿತು. ಹೆಣದ ಮುಂದೆ ಕೂತು ಹೊಟ್ಟೆಕಿಚ್ಚು ಪಡುವವರೂ ಇರುತ್ತಾರೆಯೇ ಎಂದು ಯಾರಾದರೂ ಕೇಳಿದ್ದರೆ, ಇರುತ್ತಾರೆ, ಇಲ್ಲೇ ಒಬ್ಬಳು ಕೂತಿದ್ದಳು. ಮೂವತ್ತೊಂದು ವರ್ಷ ಸಂಸಾರ ಮಾಡಿದವಳಿಗೆ ಸಿಗದ ಗುರುತು ಅವನ ತಂಗಿಯ ಬೆರಳಿಗೆ ಸಿಕ್ಕಿತ್ತು. ಅವಳು ಬಟ್ಟೆಯನ್ನು ಮತ್ತೆ ಅದ್ದಿ ಇನ್ನಷ್ಟು ಜೋರಾಗಿ ತಿಕ್ಕಿದಳು.

ಊರಿಗೆಲ್ಲ ಅವನು ಕಡ್ಡಿಯಣ್ಣ. ಮೋಟಾರ್‌ಸೈಕಲ್ಲಿನ ಚಕ್ರದಲ್ಲಿ ಸ್ಪೋಕು ಮುರಿದರೆ, ರಿಮ್ಮು ಸೊಟ್ಟಗಾದರೆ ಅವನ ಅಂಗಡಿಗೇ ಬರಬೇಕು. ಉಳಿದ ಮೆಕ್ಯಾನಿಕ್ಕುಗಳು ಇಂಜಿನ್ನಿಗಾದರೆ ಕೈ ಹಾಕುತ್ತಿದ್ದರು, ಮೂವತ್ತಾರು ಕಡ್ಡಿಗಳ ತಂಟೆ ಯಾರಿಗೆ ಬೇಕೆಂದು ಚಕ್ರವನ್ನು ಬಿಚ್ಚಿ ಇವನಿಗೇ ಕಳಿಸುತ್ತಿದ್ದರು. ಹಾಗಾಗಿ ಈ ಬೆಳಗ್ಗೆ ಮನೆಯ ಮುಂದಿನ ಬೈಕುಗಳ ಸಾಲು ಬೀದಿಯ ತಿರುವಿನವರೆಗೂ ಹೋಗಿತ್ತು. ಬಂದವರು ಹೆಣದ ಮುಂದೆ ಒಂದು ಗಳಿಗೆ ತಲೆ ತಗ್ಗಿಸಿ ನಿಂತು, ಹೆಂಡತಿಯ ಕಡೆ ಒಂದು ಮಾತು ಹೇಳಿ, ಆಮೇಲೆ ನೇರ, ಅಂಗಡಿಯಲ್ಲಿ ಅಣ್ಣನ ಜೊತೆ ದುಡಿಯುತ್ತಿದ್ದ ನಾದಿನಿಯ ಹತ್ತಿರ ಹೋಗುತ್ತಿದ್ದರು. ಬಲಗೈ ಹೋದ ಹಾಗಾಯಿತಲ್ಲಮ್ಮ ನಿಮಗೆ ಎನ್ನುತ್ತಿದ್ದರು. ಗಂಡನನ್ನು ಕಳೆದುಕೊಂಡವಳು ತಾನೋ ಅವಳೋ ಎಂದು ಹೆಂಡತಿ ಹಲ್ಲು ಕಚ್ಚಿ ಕೂತಳು.

ಹಾಲಿನವನೂ ಬಂದ. ಕ್ಯಾನುಗಳ ಭಾರಕ್ಕೆ ಅವನ ಹಿಂದಿನ ಚಕ್ರದಲ್ಲಿ ತಿಂಗಳಿಗೆರಡು ಸ್ಪೋಕು ಮುರಿಯುವುದು ಮಾಮೂಲು, ಕಡ್ಡಿಯಣ್ಣನ ಅಂಗಡಿ ಅವನಿಗೆ ಎರಡನೇ ಮನೆ. "ಕಣ್ಣು ಮುಚ್ಕೊಂಡು ಕಡ್ಡಿ ಮೀಟೋರು," ಎಂದ ಅವನು, ಎಲ್ಲರನ್ನೂ ನೋಡುತ್ತ. "ಕಾಲು ಸುತ್ತು ಸಡಿಲ ಇದ್ರೂ ಗೊತ್ತಾಗಿಬಿಡೋದು. ಅಂಥ ಕಿವಿ ಇನ್ನು ಹುಟ್ಟಲ್ಲ."

ನಾದಿನಿ ತಲೆ ತಗ್ಗಿಸಿದಳು.

ಅಂಥ ಕಿವಿಯಂತೆ. ಆ ಕಿವಿಗೆ ಹೆಂಡತಿಯ ಕೂಗು ಮುಟ್ಟದೆ ಆರು ವರ್ಷವಾಗಿತ್ತು. ಅಡುಗೆಮನೆಯಿಂದ ಕರೆದರೆ ಉತ್ತರವಿಲ್ಲ, ದೀಪ ಆರಿಸಿ ಪಕ್ಕದಲ್ಲಿ ಮಲಗಿ ಮಾತಾಡಿದರೆ ಉತ್ತರವಿಲ್ಲ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಎದುರು ನಿಂತು ಬೈದರೆ ಮಾತ್ರ ಎಲ್ಲ ಚೆನ್ನಾಗಿ ಅರ್ಥವಾಗುತ್ತಿತ್ತು. ಜಾಣಕಿವುಡು ಎಂದು ಅವಳು ಅದಕ್ಕೆ ಹೆಸರಿಟ್ಟಿದ್ದಳು. ಊರ ಕಬ್ಬಿಣವೆಲ್ಲ ನಿಮ್ಮಪ್ಪನಿಗೆ ಕೇಳಿಸುತ್ತದೆ, ನಾನೊಬ್ಬಳು ಕೇಳಿಸುವುದಿಲ್ಲ ಎಂದು ಮಗಳ ಮುಂದೆ ಆಡಿಕೊಳ್ಳುತ್ತಿದ್ದಳು.

*

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಗಂಡ ಮರೆತು ಹೋದ ಊಟದ ಡಬ್ಬಿ ಹಿಡಿದು ಅವಳೇ ಅಂಗಡಿಗೆ ಹೋಗಿದ್ದಳು. ಶಟರು ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ಒಳಗೆ ಸ್ಟ್ಯಾಂಡಿನ ಮೇಲೆ ಒಂದು ಚಕ್ರ, ಅದರ ಈ ಬದಿಗೆ ಅಣ್ಣ, ಆ ಬದಿಗೆ ತಂಗಿ. ತುಕ್ಕು ಹಿಡಿದ ಕಡ್ಡಿಗಳ ನಡುವೆ ಆಗತಾನೆ ಹಾಕಿದ ಐದಾರು ಹೊಸವು ಹೊಳೆಯುತ್ತಿದ್ದವು. ಒಂದು ಬದಲಿಸಿದರೆ ಅಕ್ಕಪಕ್ಕದ ನಾಲ್ಕನ್ನು ಹದಕ್ಕೆ ತರಬೇಕು, ಆ ಕೆಲಸ ನಡೆದಿತ್ತು. ಅವನು ಒಂದೊಂದೇ ಕಡ್ಡಿಯನ್ನು ಮೀಟುತ್ತಿದ್ದ. ತಂಗಿ ತಲೆ ವಾಲಿಸಿ ಆಲಿಸಿ ಒಂದು ಬೆರಳೆತ್ತುತ್ತಿದ್ದಳು, ಇಲ್ಲವೆ ಎರಡು. ಅದನ್ನು ನೋಡಿ ಅವನು ಚಾವಿಯನ್ನು ಅಷ್ಟೇ ತಿರುಗಿಸುತ್ತಿದ್ದ. ಇಬ್ಬರ ನಡುವೆ ಒಂದು ಮಾತೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅವಳನ್ನು ಕಂಡದ್ದೇ ಇಬ್ಬರೂ ಕದ್ದು ಸಿಕ್ಕಿಬಿದ್ದವರ ಹಾಗೆ ಗಡಬಡಿಸಿ ಎದ್ದರು. ಡಬ್ಬಿಯನ್ನು ಹೊಸ್ತಿಲ ಮೇಲೆ ಕುಕ್ಕಿ ಬಂದವಳು ಮತ್ತೆ ಆ ಬೀದಿಗೆ ಕಾಲಿಡಲಿಲ್ಲ. ತನ್ನ ಜೊತೆ ಒಂದು ದಿನವಾದರೂ ಅವನು ಹಾಗೆ ಕೂತಿದ್ದನೇ ಎಂದು ದಾರಿಯುದ್ದಕ್ಕೂ ನೆನೆಸಿಕೊಂಡು ಅತ್ತಿದ್ದಳು.

*

ಹೆಣ ಒಯ್ಯುವ ಗಾಡಿ ಬರಲು ಇನ್ನೂ ಅರ್ಧ ಗಂಟೆಯಿತ್ತು. ಹಾಲಿನವನು ತಡವರಿಸುತ್ತ, ಇದು ಕೇಳುವ ಹೊತ್ತಲ್ಲ, ಆದರೆ ತನ್ನ ಚಕ್ರ ಅಂಗಡಿಯಲ್ಲಿ ಅರ್ಧಕ್ಕೇ ನಿಂತಿದೆ, ಅದನ್ನು ಇನ್ನು ಯಾರು ಮುಗಿಸುತ್ತಾರೆ ಎಂದು ಕೇಳಿದ.

ನಾದಿನಿ ಬಾಯಿ ತೆರೆಯುವ ಮೊದಲೇ ಹೆಂಡತಿ ಉತ್ತರ ಕೊಟ್ಟಳು. "ಯಾರೂ ಮುಗಿಸಲ್ಲ. ಆ ಕಿವಿ ಅವರ ಜೊತೆಗೇ ಹೋಯ್ತು. ನಾಳೆಯಿಂದ ಅಂಗಡಿ ಮುಚ್ಚಿದ ಹಾಗೇ, ಬೀಗದಕೈ ನನ್ನ ಹತ್ರ ಇರುತ್ತೆ."

ಹೇಳಿದ ಮೇಲೆ ಹೊಟ್ಟೆ ತಣ್ಣಗಾದ ಹಾಗಾಯಿತು. ನಾದಿನಿಗೆ ಆ ಅಂಗಡಿ ಬಿಟ್ಟರೆ ಬೇರೆ ಬದುಕಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.

ನಾದಿನಿ ಎದ್ದು ಬಂದು ಅತ್ತಿಗೆಯ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ, ತಾನು ಎದುರಿಗೆ ಒಂದು ಬಕೆಟ್ಟು ಮಗುಚಿ ಕೂತಳು.

"ಅಣ್ಣನಿಗೆ ಕಿವಿ ಕೇಳಿಸ್ತಿರಲಿಲ್ಲ ಅತ್ತಿಗೆ. ಆರು ವರ್ಷ ಆಯ್ತು."

ಹೆಂಡತಿ ನಂಬಲಿಲ್ಲ. ನಾದಿನಿ ಬಿಡಿಸಿ ಹೇಳಿದಳು. ಮೊದಲು ಕಡ್ಡಿಗಳ ಸಣ್ಣ ನಾದ ಹೋಯಿತಂತೆ, ಆಮೇಲೆ ಮನುಷ್ಯರ ಮಾತೂ ಹೋಯಿತಂತೆ. ಚಕ್ರದ ಸೊಟ್ಟು ಕಣ್ಣಿಗೆ ಕಾಣುತ್ತದೆ, ಕಡ್ಡಿಯ ಬಿಗಿ ಗೊತ್ತಾಗುವುದು ಕಿವಿಗೆ ಮಾತ್ರ. ಅದಕ್ಕೇ ಅವನು ಮೀಟುತ್ತಿದ್ದ, ಇವಳು ಕೇಳಿಸಿಕೊಳ್ಳುತ್ತಿದ್ದಳು. ಗಿರಾಕಿಗಳ ಜೊತೆ ಮಾತೆಲ್ಲ ಇವಳದೇ. ಅವರ ಮುಂದೆ ಕಣ್ಣು ಮುಚ್ಚಿ ಮೀಟುವುದು ಬರೀ ನಾಟಕ, ಸ್ಟ್ಯಾಂಡಿನ ಕೆಳಗೆ ಇವಳ ಕಾಲು ಅವನ ಕಾಲನ್ನು ಒತ್ತಿ ಲೆಕ್ಕ ಹೇಳುತ್ತಿತ್ತು.

"ನನಗ್ಯಾಕೆ ಹೇಳಲಿಲ್ಲ?"

"ಮದುವೆಯಾದ ಹೊಸದರಲ್ಲಿ ನೀವೇ ಹೇಳಿದ್ರಂತಲ್ಲ. ನಮ್ಮಪ್ಪನ ಕಿವಿಗೆ ಕೂಗಿ ಕೂಗಿ ನನ್ನ ಅರ್ಧ ಆಯಸ್ಸು ಸವೀತು, ಇನ್ನೊಬ್ಬ ಕಿವುಡನ ಜೊತೆ ಒಂದು ದಿನ ಬಾಳಲಾರೆ ಅಂತ."

ಹೇಳಿದ್ದು ನಿಜ. ನಗುತ್ತ ಹೇಳಿದ್ದಳು, ಅವನೂ ನಕ್ಕಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವಳ ಮಾತು ಇಪ್ಪತ್ತೈದು ವರ್ಷ ಅವನೊಳಗೆ ಕೂತು ಕಾದಿತ್ತು. ಅಷ್ಟಾದರೂ ಅವಳ ಹೊಟ್ಟೆಯ ಉರಿ ಆರಲಿಲ್ಲ.

"ನಿನಗೆ ಹೇಳಿದ್ರಲ್ಲ," ಎಂದಳು.

ನಾದಿನಿ ಹೆಬ್ಬೆರಳಿನ ಕಪ್ಪನ್ನು ಸೆರಗಿನಿಂದ ಉಜ್ಜಿಕೊಂಡಳು.

"ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಅಂದ್ಕೊಂಡ್ರಾ ಅತ್ತಿಗೆ? ದಿನಾ ಊಟ ಆದ್ಮೇಲೆ ಶಟರು ಅರ್ಧ ಎಳೆದು ನನ್ನನ್ನ ಎದುರಿಗೆ ಕೂರಿಸ್ಕೊಳ್ಳೋನು. ದನಿ ತೆಗೀದೆ ನಿಮ್ಮ ಮಾತು ನಾನು ಆಡ್ಬೇಕು. ತುಟಿ ನೋಡಿ ಅವನು ಕಲೀಬೇಕು. ಅವಳು ಹಾಗೆ ಹೇಳಲ್ಲ, ಕೊನೇಲಿ ತುಟಿ ಒಂದು ಕಡೆ ಎಳೀತಾಳೆ, ಇನ್ನೊಂದ್ಸಲ ಹೇಳು ಅಂತ ನನ್ನನ್ನೇ ತಿದ್ದೋನು. ಆರು ವರ್ಷ ನಾನು ನೀವಾಗಿ ಕೂತೆ. ಒಂದೇ ಒಂದು ದಿನ, ಇವತ್ತು ನಿನ್ನ ಮಾತು ಆಡಮ್ಮ ಅನ್ನಲಿಲ್ಲ ಅವನು."

ಊಟಕ್ಕೆ ಯಾವಾಗಲೂ ಪಕ್ಕದಲ್ಲಿ ಕೂರುತ್ತಿದ್ದವನು ಆರು ವರ್ಷದಿಂದ ಎದುರಿಗೆ ಕೂರತೊಡಗಿದ್ದ. ಅವಳು ಒಲೆಯ ಮುಂದೆ ಏನಾದರೂ ಗೊಣಗಿದರೆ ಎದ್ದು ಬಂದು ಎದುರು ನಿಂತು ಮುಖ ನೋಡುತ್ತಿದ್ದ. ತಪ್ಪು ಹುಡುಕಲು ಬರುತ್ತಾನೆಂದು ಅವಳು ಬೇಕೆಂತಲೇ ಬೆನ್ನು ತಿರುಗಿಸಿಕೊಳ್ಳುತ್ತಿದ್ದಳು. ಎಷ್ಟು ಸಲ ತಿರುಗಿಸಿಕೊಂಡಿದ್ದಳೋ.

"ಹಾಲಿನವನ ಚಕ್ರ ನೀನೇ ಮುಗಿಸಿಕೊಡು," ಎಂದಳು ಕೊನೆಗೆ. "ಈಗ ತೋರಿಸು."

"ಏನನ್ನ?"

"ನನ್ನನ್ನ. ಅವರಿಗೆ ತೋರಿಸ್ತಿದ್ದ ಹಾಗೇ."

ನಾದಿನಿ ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು. ಅವಳ ತುಟಿಗಳು ಸದ್ದಿಲ್ಲದೆ ಅಲುಗಿದವು, ಕೊನೆಯಲ್ಲಿ ಒಂದು ಬದಿಗೆ ಎಳೆದು ನಿಂತವು. ಏನೋ ಬೈಗುಳವಿರಬೇಕು, ಊಟ ಆರಿಹೋಗುತ್ತಿದೆ ಎಂದೋ, ಬಾಗಿಲು ಹಾಕಿ ಎಂದೋ. ಹೆಂಡತಿಗೆ ಅರ್ಧ ಸಿಕ್ಕಿತು, ಅರ್ಧ ತಪ್ಪಿತು.

"ಇನ್ನೊಂದ್ಸಲ," ಎಂದು ಮುಂದಕ್ಕೆ ಬಾಗಿದಳು.

ಗಾಡಿ ಬಂದಿತ್ತು. ಮಗಳು ಹಿತ್ತಲ ಬಾಗಿಲಿಗೆ ಬಂದು ಅಮ್ಮಾ ಎಂದು ಕರೆದಳು. ಮತ್ತೊಮ್ಮೆ ಕರೆದಳು. ಮೂರನೆಯ ಸಲ, ಮುಂಬಾಗಿಲಲ್ಲಿ ನಿಂತ ಜನರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು. ಒಗೆಯುವ ಕಲ್ಲಿನ ಮೇಲೆ ಅವಳಿಗೆ ಬೆನ್ನು ಮಾಡಿ ಕೂತ ತಾಯಿ ಕದಲಲಿಲ್ಲ. ಎರಡೂ ಕೈಯಲ್ಲಿ ನಾದಿನಿಯ ಮುಖವನ್ನು ಬೆಳಕಿನ ಕಡೆಗೆ ಹಿಡಿದು, ಅವಳ ತುಟಿಗಳನ್ನೇ ನೋಡುತ್ತಿದ್ದಳು.