ಅಜ್ಜನ ಪಕ್ಕದ ಜಾಗ

ಹೆರೆವಾಲ್ಡ್ ದೊರೆಯ ಮೂಳೆಗಳು ನಮ್ಮ ಸ್ಕೆಲ್ಬಿಯ ಕಾಲುವೆ ದಂಡೆಯಲ್ಲಿ ಸಿಕ್ಕವು. ಹನ್ನೊಂದು ಶತಮಾನ ಕೆಸರಿನಲ್ಲಿ ಮಲಗಿದ್ದವನನ್ನು ಮತ್ತೆ ಎಲ್ಲಿ ಹೂಳಬೇಕೆಂದು ಎರಡು ವರ್ಷದಿಂದ ಜಗಳ. ಪಟ್ಟ ಕಟ್ಟಿಸಿಕೊಂಡದ್ದು ನಮ್ಮಲ್ಲಿ ಎಂದು ನಗರದ ದೊಡ್ಡ ಚರ್ಚಿನವರು. ಪ್ರಾಣ ಬಿಟ್ಟದ್ದು ನಮ್ಮಲ್ಲಿ ಎಂದು ನಮ್ಮೂರಿನವರು. ಕೊನೆಗೆ ನಗರದವರು ಒಂದೇ ಮಾತು ಕೇಳಿದರು: ನಿಮ್ಮ ಚರ್ಚಿನ ಸ್ಮಶಾನದಲ್ಲಿ ಜಾಗವೆಲ್ಲಿದೆ?

ಉಳಿದದ್ದು ಒಂದೇ ಜಾಗ, ದಕ್ಷಿಣದ ಗೋಡೆಯ ಹತ್ತಿರ, ನನ್ನ ಅಜ್ಜನ ಪಕ್ಕದಲ್ಲಿ. ಅಜ್ಜ ತೀರಿಕೊಂಡ ವರ್ಷವೇ ಅಜ್ಜಿ ಅದನ್ನು ತನಗೆಂದು ಬರೆಸಿಕೊಂಡಿದ್ದಳು. ಅವಳ ಸಹಿಯಿಲ್ಲದೆ ಬೇರೆ ಯಾರನ್ನೂ ಅಲ್ಲಿ ಇಳಿಸುವಂತಿಲ್ಲ.

ಮಂಗಳವಾರ ಊರ ಪಂಚಾಯಿತಿಯ ಅಧ್ಯಕ್ಷ ನಾರ್ಮನ್ ಮಾವರ್ ಅಜ್ಜಿಯನ್ನು ಕಾಣಲು ನಮ್ಮ ಮನೆಗೆ ಬಂದರು. ಕೈಯಲ್ಲಿ ಕಾಗದ, ಜೊತೆಗೆ ಒಣಹಣ್ಣಿನ ಬ್ರೆಡ್ಡು.

"ವಿನ್ನಿ, ಹೊಸ ಸ್ಮಶಾನದಲ್ಲಿ ನಿಂಗೆ ಒಳ್ಳೇ ಜಾಗ ಕೊಡಿಸ್ತೀನಿ. ಬಸ್‌ಸ್ಟಾಪಿಗೂ ಹತ್ರ."

"ಸತ್ತಮೇಲೆ ಬಸ್ ಹತ್ತಿ ಎಲ್ಲಿಗೆ ಹೋಗ್ಲಿ, ನಾರ್ಮನ್?"

"ದೊರೆಗೋಸ್ಕರ ಕಣೇ! ಊರಿನ ಮರ್ಯಾದೆ!"

"ನಲವತ್ತೊಂಬತ್ತು ವರ್ಷ ಸಿರಿಲ್ ಗೊರಕೆ ಕೇಳ್ಕೊಂಡು ಮಲಗಿದ್ದೀನಿ. ಈಗ ಅವನ ಪಕ್ಕ ಯಾವನೋ ಗಂಡಸ್ನ ತಂದು ಮಲಗಿಸ್ತೀಯಾ?"

ಮಾವರ್ ನಗಲಿಲ್ಲ. "ಗುರುವಾರ ಸಭೇಲಿ, ಎಲ್ಲರೆದುರು ಕೇಳ್ತೀನಿ," ಎಂದು ಹೋದರು.

ಗುರುವಾರ ಸಭಾಂಗಣ ತುಂಬಿತ್ತು. ಮಕ್ಕಳು ರಟ್ಟಿನ ಕಿರೀಟ ಇಟ್ಟುಕೊಂಡು ಬಂದಿದ್ದರು. ಮಾವರ್ ಕಾಗದವನ್ನೂ ಪೆನ್ನನ್ನೂ ಅಜ್ಜಿಯ ಮುಂದಿಟ್ಟರು. ಹಿಂದಿನ ಸಾಲಿನಿಂದ ಎನಿಡ್, ಪ್ರತಿ ಸೋಮವಾರ ನಮ್ಮಲ್ಲೇ ಚಹಾ ಕುಡಿಯುವವಳು, ಕೂಗಿದಳು: "ಒಂದು ಸಹಿ ತಾನೇ ವಿನ್ನಿ, ಹಾಕ್ಬಿಡು!"

ಅಜ್ಜಿಯ ಕಿವಿ ಕೆಂಪಾಯಿತು. ಮನೆಯಲ್ಲಿ ಅಷ್ಟು ಮಾತಾಡಿದವಳು ಇಲ್ಲಿ ತಲೆಯೆತ್ತಲಿಲ್ಲ. ಅವಳ ಕೈ ಪೆನ್ನಿನ ಕಡೆ ಹೋಯಿತು.

ಆ ಸಭಾಂಗಣದಲ್ಲಿ ನಾನು ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಅಲ್ಲಿ ನಡೆಯುತ್ತಿದ್ದ ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ಪ್ರತಿ ವರ್ಷ ಕುರಿಯಾಗುತ್ತಿದ್ದೆ, ಕುರಿಗೆ ಮಾತಿರಲಿಲ್ಲವಲ್ಲ. ಈಗ ಎದ್ದು ನಿಂತೆ. ಕುರ್ಚಿ ಕಿರ್ರೆಂದಿತು.

"ಆ ಜಾಗ ಖಾಲಿ ಇಲ್ಲ," ಎಂದೆ.

"ಅಲ್ಲಿ ಯಾರೂ ಕಾಣ್ತಿಲ್ವಲ್ಲ ಪುಟ್ಟೀ?" ಎಂದರು ಮಾವರ್. ಎಲ್ಲರೂ ನಕ್ಕರು.

"ಇನ್ನೂ ಬದುಕಿದ್ದಾಳೆ, ಅದಕ್ಕೇ ಕಾಣ್ತಿಲ್ಲ." ಅಜ್ಜಿಯ ಮುಂದಿದ್ದ ಪೆನ್ನನ್ನು ಎತ್ತಿಕೊಂಡೆ. "ದೊರೆಗೆ ಎರಡು ಊರು ಕಾದಿವೆ. ಅಜ್ಜನಿಗೆ ಇವಳೊಬ್ಬಳೇ. ಅಜ್ಜಿ ಸಹಿ ಹಾಕಲ್ಲ, ಬರ್ಕೊಳ್ಳಿ."

ಪೆನ್ನಿಗೆ ಮುಚ್ಚಳ ಹಾಕಿ ಮಾವರ್ ಕೈಗೆ ಕೊಟ್ಟೆ. ಈ ಸಲ ಯಾರೂ ನಗಲಿಲ್ಲ.

ಏಪ್ರಿಲ್‌ನಲ್ಲಿ ದೊರೆ ನಗರಕ್ಕೆ ಹೋದ. ಎನಿಡ್ ಸೋಮವಾರ ಬರುವುದನ್ನು ಬಿಟ್ಟಳು. ಅಂಗಡಿಯವನು ನಮ್ಮನ್ನು ಕಂಡರೆ ಬೆನ್ನು ತಿರುಗಿಸಿ ಡಬ್ಬಿಗಳನ್ನು ಜೋಡಿಸತೊಡಗುತ್ತಾನೆ.

"ನನ್ನಿಂದ ಊರಿಗೆ ದೊರೆ ತಪ್ಪಿಹೋದ ಕಣೇ," ಎಂದಳು ಅಜ್ಜಿ.

"ತಪ್ಲಿ ಬಿಡು."

ಅವಳು ನನ್ನನ್ನೇ ದಿಟ್ಟಿಸಿ ನೋಡಿ, ಹುಲ್ಲು ಕತ್ತರಿಸುವ ಕತ್ತರಿಯನ್ನು ನನ್ನ ಕೈಗಿತ್ತಳು. "ಹಾಗಾದ್ರೆ ನಡಿ. ನಿಮ್ಮಜ್ಜನ ಹತ್ರ ಹುಲ್ಲು ಬೆಳೆದಿದೆ."

ಹಿಂದಿನ ಓಣಿ ಹಿಡಿದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾವು ಅಂಗಡಿಬೀದಿಯಲ್ಲೇ ನಡೆದೆವು.