ಕೆಂಪು ಬಟ್ಟೆಯ ಕೋಲು

ಮತ್ತೆ ಅದೇ ಕೂಗು, ತಲೆ ಮೇಲೆ, ಅಲ್ಲ ಬಲಕ್ಕೆ, ಥೂ, ಈ ಟಿಟ್ಟಿಭ, ಗೂಡಿಲ್ಲದ ಕಡೆಯೇ ಗಂಟಲು ಹರಿದುಕೊಳ್ಳುವ ಹಕ್ಕಿ, ಇದನ್ನು ನಂಬಿ ಹೋದರೆ ಕಂದಕಕ್ಕೇ ಬೀಳಬೇಕು, ಹುಲ್ಲುಗಾವಲು ಕಾಯುವವಳು ಕಂಕುಳಲ್ಲಿ ಕೋಲಿನ ಕಟ್ಟು ಅವುಚಿಕೊಂಡು ಹೆಜ್ಜೆ ಎತ್ತಿ ಎತ್ತಿ ಇಡುತ್ತಾಳೆ, ಮೊಟ್ಟೆ ಕಾಲಡಿಗೇ ಸಿಕ್ಕಿಬಿಟ್ಟರೆ, ಮೊಟ್ಟೆಗೂ ಇಲ್ಲಿನ ಕಲ್ಲಿಗೂ ಒಂದೇ ಬಣ್ಣ — ಅಗೋ, ಮಣ್ಣಿನ ಕೋಟೆಯ ಒಡ್ಡು ಬಳಸಿ ಡ್ರೈವರಣ್ಣನ ಹುಲ್ಲು ಕತ್ತರಿಸುವ ಯಂತ್ರ ಬಂದೇಬಿಟ್ಟಿತು. ಕತ್ತರಿಸಲೇಬೇಕು, ಕೋಟೆ ನೋಡಿಕೊಳ್ಳುವ ಆಫೀಸಿನವರ ಮಾತು, ಗಿಡಗಂಟಿ ಬೇರುಬಿಟ್ಟರೆ ಒಡ್ಡು ಸೀಳುತ್ತದೆ, ಯಾವ ಕಾಲದವರೋ ಬುಟ್ಟಿಬುಟ್ಟಿ ಮಣ್ಣು ಹೊತ್ತು ಕಟ್ಟಿದ್ದು, ಸರಿ ಸ್ವಾಮಿ, ಉಳಿಯಲಿ, ಈ ಹಕ್ಕಿಯ ಮನೆ? ಅದಕ್ಕೇ ಅಲ್ಲವೇ ಗೂಡುಗೂಡಿನ ಪಕ್ಕ ಕೆಂಪು ಬಟ್ಟೆ ಕಟ್ಟಿದ ಕೋಲು ನೆಟ್ಟದ್ದು, ಕೋಲು ಕಂಡರೆ ತಿರುಗಿಸ್ಕೊಂಡು ಹೋಗಣ್ಣ, ಆಯ್ತು ತಾಯಿ, ಎಷ್ಟು ಜಂಬ ಆವತ್ತು, ಎಂಥ ಬುದ್ಧಿವಂತೆ! ಬಂತು ಕಾಗೆ. ಕೋಲಿನ ತುದಿಯಲ್ಲಿ ಕೂತಿತು, ಕತ್ತು ಓರೆ ಮಾಡಿ ಕೆಳಗೆ ನೋಡಿತು, ಇಳಿಯಿತು. ಮರುದಿನ ಇನ್ನೊಂದು ಕೋಲು, ಇನ್ನೊಂದು ಗೂಡು, ಬರೀ ಚಿಪ್ಪು, ಕೋಲೆಂದರೆ ಊಟ ಅಂತ ಕಲಿತುಬಿಟ್ಟಿತು ಮುಂಡೇದು, ಕಲಿಸಿದ್ದು ಯಾರು, ತಾನೇ, ಕಳ್ಳನ ಕೈಗೆ ಬೀಗದಕೈ ಕೊಟ್ಟ ಹಾಗೆ. ಉಳಿದದ್ದು ಒಂದೇ ಗೂಡು, ನಿನ್ನೆ ಸಂಜೆ ಆ ಕೋಲಿನ ಮೇಲೂ ಕೂತಿತ್ತು, ಕಲ್ಲು ಬೀಸಿ ಓಡಿಸಿದಳು, ಬೆಳಿಗ್ಗೆ ಎದ್ದವಳೇ ಹೊಟ್ಟೆಯುರಿಗೆ ಇದ್ದಬದ್ದ ಕೋಲೆಲ್ಲ ಕಿತ್ತಳು, ಗೂಡು ತನಗೆ ಗೊತ್ತಲ್ಲ, ಕಣ್ಣು ಕಟ್ಟಿ ಬಿಟ್ಟರೂ ಹೋದೇನು — ಈಗ ನೋಡು, ಕಣ್ಣು ಬಿಟ್ಟುಕೊಂಡೇ ಕಾಣುತ್ತಿಲ್ಲ, ಈ ಪೊದೆಯಾ, ಆ ಹುತ್ತದ ಆಚೆಯಾ, ಮಾಡಿದ್ದುಣ್ಣೋ ಮಹರಾಯ.

ಅಣ್ಣಾ, ನಿಲ್ಸು! ಏನೇ, ಕೋಲೆಲ್ಲಿ? ಕಿತ್ತುಬಿಟ್ಟೆ. ನೆಟ್ಟವಳೂ ನೀನೇ, ಕಿತ್ತವಳೂ ನೀನೇ, ನಾನೇನು ಶಕುನ ನೋಡ್ಕೊಂಡು ಗಾಡಿ ಓಡಿಸ್ಲಾ, ಬೇಗ ಹುಡುಕು, ಇವತ್ತೇ ಮುಗೀಬೇಕು. ಹುಡುಕುತ್ತಾಳೆ, ನೆಲ ನೋಡುವುದು ಬಿಟ್ಟು ಆಕಾಶ ನೋಡುತ್ತಾಳೆ, ಛೀ, ಕಲ್ಲು ಬೀಸಿ ಓಡಿಸಿದ ಕಾಗೆಯನ್ನೇ ಬಾ ಅಂತ ಕಾಯುವ ಗತಿ ಬಂತೇ, ಬಾರೋ, ನಿನಗಾದರೂ ನೆನಪಿದೆಯಲ್ಲ — ಬಂತು, ಹುತ್ತದ ಈಚೆ ಇಳಿಯಿತು, ಕತ್ತು ಓರೆ ಮಾಡಿತು, ಹುಶ್ ಹುಶ್, ಬಿದ್ದೆನೋ ಎದ್ದೆನೋ ಅಂತ ಓಡಿದಳು, ಅಯ್ಯೋ ಇವೆ, ನಾಲ್ಕೂ ಇವೆ, ಇನ್ನೂ ಬೆಚ್ಚಗಿವೆ. ಕೋಲು ನೆಟ್ಟಳು, ಇನ್ನೇನು ಮಾಡುವುದು, ಯಂತ್ರ ಬಳಸಿಕೊಂಡು ಹೋಯಿತು, ಸುತ್ತಲ ಹುಲ್ಲೆಲ್ಲ ಬೋಳು, ಇನ್ನು ಕೋಲು ಕಿತ್ತರೂ ಒಂದೇ ಬಿಟ್ಟರೂ ಒಂದೇ, ನಡುವೆ ಅಂಗೈಯಗಲ ಹುಲ್ಲು, ಯಾರ ಕಣ್ಣಿಗೆ ಬೀಳದು ಅದು. ತಾನು ಇಲ್ಲೇ ಕೂತರೆ ತಾಯಿಹಕ್ಕಿ ಇಳಿಯಲೊಲ್ಲದು, ಮೊಟ್ಟೆ ಆರುತ್ತದೆ, ಎದ್ದರೆ ಕಾಗೆ, ಅತ್ತ ದರಿ ಇತ್ತ ಪುಲಿ, ಸ್ವಲ್ಪ ಸರಿದು ನೋಡಲೇ, ಸ್ವಲ್ಪವೇ, ಸರಿದಳು, ಒಡ್ಡಿನ ಬುಡದ ತನಕ, ಇಳಿಯೇ ನನ್ನವ್ವ, ಇಳಿ, ಇಳಿಯಿತು, ಪುಟುಪುಟು ನಾಲ್ಕು ಹೆಜ್ಜೆ ಗೂಡಿನ ಕಡೆಗೆ, ನಿಂತಿತು, ಯಾಕೆ ನಿಂತಿತು, ಹೋಗು, ಇನ್ನೆರಡೇ ಹೆಜ್ಜೆ — ಕೋಲಿನ ತುದಿಯಲ್ಲಿ ಕಾಗೆ. ಕತ್ತು ಓರೆ.