ಎರಡು ಬಿಲ್ಲೆ

"ಇನ್ನೊಬ್ರು ಎಲ್ಲಮ್ಮಾ?" ವಸತಿಗೃಹ ನೋಡಿಕೊಳ್ಳುವ ಮೇಟಿ ಅವಳ ಬೆನ್ನ ಹಿಂದೆ ಇಣುಕಿ ನೋಡಿದ. ಬಸ್ಸು ಆಗಲೇ ತಿರುಗಿಕೊಂಡು ಹೊರಟಿತ್ತು.

"ತಂಗಿ. ಬೆಳಗಿನ ಬಸ್ಸಿಗೆ ಬರ್ತಾಳೆ."

ಅವಳಿಗೆ ತಂಗಿಯೇ ಇರಲಿಲ್ಲ. ಹೋದ ತಿಂಗಳು ನಿವೃತ್ತಳಾಗುವವರೆಗೆ ಇಪ್ಪತ್ತೆರಡು ವರ್ಷ ಪ್ರವಾಸ ಕಚೇರಿಯಲ್ಲಿ ಕೂತು, ಇದೇ ಬೆಟ್ಟಕ್ಕೆ ಬರುವವರಿಗೆ ಫೋನಿನಲ್ಲೇ ಕೋಣೆ ಕಾದಿರಿಸಿ ಕೊಟ್ಟವಳು ಅವಳು. ಮಂಡಿ ನೋವಿನವರನ್ನು ಕೆಳಗೆ ಬಿಸಿನೀರಿನ ಬುಗ್ಗೆಯ ಪಕ್ಕದ ಮನೆಗೆ, ಕಾಲಲ್ಲಿ ಕಸುವಿದ್ದವರನ್ನು ಮೇಲೆ ಕಾಲುದಾರಿ ಶುರುವಾಗುವಲ್ಲಿಗೆ ಕಳಿಸುತ್ತಿದ್ದಳು. ಒಂಟಿಯಾಗಿ ಬರುತ್ತೇನೆಂದವರಿಗೆ ಮಾತ್ರ ಖಡಾಖಂಡಿತವಾಗಿ, "ಒಬ್ಬರಿಗೆ ಕೊಡೋ ಹಾಗಿಲ್ಲ." ಹಿಂದೆ ಒಬ್ಬನೇ ಹತ್ತಿದವನೊಬ್ಬ ಕಾಲು ಮುರಿದುಕೊಂಡು ಎರಡು ದಿನ ಬಿದ್ದಿದ್ದ, ಯಾರಿಗೂ ಗೊತ್ತಾಗಿರಲಿಲ್ಲ. ಆಮೇಲೆ ಬಂದ ನಿಯಮ ಅದು. ಟೈಪು ಮಾಡಿದ್ದೂ ಅವಳೇ.

ತನಗೊಂದು ಕೋಣೆ ಆರಿಸಲು ಅವಳಿಗೆ ವಾರ ಹಿಡಿದಿತ್ತು. ಬುಗ್ಗೆಯಲ್ಲಿ ಜನ ಜೋಡಿ ಜೋಡಿಯಾಗಿ ಕೂತಿರುತ್ತಾರೆ. ಕಾಲುದಾರಿಯಲ್ಲಾದರೆ ಎಲ್ಲರೂ ಒಬ್ಬರ ಹಿಂದೆ ಒಬ್ಬರು ನಡೆಯುವವರೇ, ತಾನು ಒಂಟಿಯೆಂದು ಎದ್ದು ಕಾಣುವುದಿಲ್ಲ. ಹೀಗೆ ಲೆಕ್ಕ ಹಾಕಿ ಮೇಲಿನ ಮನೆಯನ್ನೇ ಆರಿಸಿದಳು. ಅರ್ಜಿಯಲ್ಲಿ 'ಜೊತೆಗೆ ಬರುವವರು' ಎಂಬಲ್ಲಿ 'ತಂಗಿ' ಎಂದು ಬರೆದಳು. ಬರೆದಾಗ ಖುಷಿಯೇ ಆಗಿತ್ತು, ಸುಳ್ಳೇಕೆ.

ಕೋಣೆಯಲ್ಲಿ ಎರಡು ಮಂಚ, ಎರಡು ಟವೆಲು, ಎರಡು ಲೋಟ. ಎರಡನೆಯ ಮಂಚದ ಹೊದಿಕೆಯನ್ನು ಅವಳು ಕೈಯಿಂದ ಕೆದರಿಟ್ಟಳು.

ಕಾಲುದಾರಿಯ ಬಾಗಿಲಲ್ಲಿ ಒಂದು ಹಲಗೆ, ಅದರ ತುಂಬ ಮೊಳೆ. ಹತ್ತುವವರು ತಲೆಗೊಂದರಂತೆ ತಗಡಿನ ಬಿಲ್ಲೆ ನೇತುಹಾಕಿ ಹೋಗಬೇಕು, ಇಳಿದು ಬಂದು ತೆಗೆದು ಡಬ್ಬಿಗೆ ಹಾಕಬೇಕು. ಬೆಳಿಗ್ಗೆ ಮೇಟಿ ಹಾಲು ತರಲು ಹೋದ ಹೊತ್ತು ನೋಡಿ ಅವಳು ಎರಡು ಬಿಲ್ಲೆ ನೇತುಹಾಕಿದಳು. ತಂಗಿ ಬಂದಳು, ಅಕ್ಕನ ಜೊತೆ ಬೆಟ್ಟ ಹತ್ತಿದಳು ಎಂದುಕೊಳ್ಳಲಿ.

ದಾರಿಯುದ್ದಕ್ಕೂ ಯಾರೂ ಸಿಗಲಿಲ್ಲ. ತುದಿಯಲ್ಲಿ ಗಾಳಿ ಚೆನ್ನಾಗಿತ್ತು. "ಚೆನ್ನಾಗಿದೆ ಅಲ್ವಾ?" ಎಂದು ಬಾಯಿಬಿಟ್ಟು ಅಂದಳು, ಅಂದದ್ದಕ್ಕೆ ತನಗೇ ನಾಚಿಕೆಯಾಯಿತು. ಸುಸ್ತಾಗಿ ಇಳಿದವಳು ಬಿಲ್ಲೆಯನ್ನು ಡಬ್ಬಿಗೆ ಹಾಕಿ ನೇರ ಬುಗ್ಗೆಗೆ ಹೋಗಿ, ಒಂದು ಮೂಲೆ ಹಿಡಿದು ನೀರಿನಲ್ಲಿ ಕಾಲಿಳಿಬಿಟ್ಟು ಕೂತಳು.

ಹೊತ್ತು ಇಳಿಯುತ್ತಿದ್ದಾಗ ಮೇಟಿ ಓಡುತ್ತ ಬಂದ. ಹೆಗಲ ಮೇಲೆ ಹಗ್ಗ, ಹಿಂದೆ ಇಬ್ಬರು ಆಳುಗಳು.

"ನಿಮ್ ತಂಗಿ ಇನ್ನೂ ಇಳಿದಿಲ್ಲ! ಹಲಗೇಲಿ ಒಂದು ಬಿಲ್ಲೆ ಹಾಗೇ ಇದೆ. ಯಾವ ಬಣ್ಣದ ಬಟ್ಟೆ ಹಾಕ್ಕೊಂಡಿದ್ರು, ಬೇಗ ಹೇಳಿ."

ತಾನೇ ಹುಟ್ಟಿಸಿದ ತಂಗಿಯನ್ನು ತಾನೇ ಬೆಟ್ಟದ ಮೇಲೆ ಮರೆತು ಬಂದಿದ್ದಳು. ನೀರಿನಲ್ಲಿದ್ದ ಜೋಡಿಗಳೆಲ್ಲ ತಿರುಗಿ ನೋಡಿದವು. ಮಧ್ಯಾಹ್ನವೇ ಊರಿಗೆ ಹೋದಳು ಎಂದುಬಿಟ್ಟರೆ ಮುಗಿಯುತ್ತಿತ್ತು, ಮಾತು ತುದಿನಾಲಗೆಗೆ ಬಂದೂ ಇತ್ತು. ಆದರೆ ಮೇಟಿಗೆ ಏದುಸಿರು. ಒಂದು ಕಾಲಿಗೆ ಚಪ್ಪಲಿಯೂ ಇರಲಿಲ್ಲ.

"ತಂಗಿ ಇಲ್ಲ," ಎಂದಳು. "ನಂಗೆ ತಂಗೀನೇ ಇಲ್ಲ. ಒಬ್ಬಳೇ ಅಂದ್ರೆ ನೀವು ಕೋಣೆ ಕೊಡ್ತಿರ್ಲಿಲ್ಲ."

ಮೇಟಿ ಅವಳ ಮುಖವನ್ನಲ್ಲ, ದನಿಯನ್ನು ಗುರುತಿಸುವವನಂತೆ ತಲೆ ಓರೆ ಮಾಡಿದ.

"ನೀವು ಫೋನಿನ ಅಕ್ಕ ಅಲ್ವಾ? ಒಬ್ಬರಿಗೆ ಕೊಡೋ ಹಾಗಿಲ್ಲ ಅಂತ ನಮಗೂ ಹೇಳ್ತಿದ್ದೋರು?"

ಅವಳು ತಲೆಯಾಡಿಸಿದಳು. ನಾಚಿಕೆಗೆ ಕಣ್ಣು ತುಂಬಿತ್ತು. ಆಳುಗಳನ್ನು ಕಳಿಸಿ ಅವನು ನಿಧಾನವಾಗಿ ಹಗ್ಗ ಸುತ್ತತೊಡಗಿದ.

"ಬೆಳಿಗ್ಗೆ ಕೋಣೆ ಖಾಲಿ ಮಾಡ್ತೀನಿ," ಎಂದಳು.

"ಯಾಕೆ? ಇನ್ನೂ ಎರಡು ದಿನ ಇದೆಯಲ್ಲ." ಹಗ್ಗದ ತುದಿಯನ್ನು ಸಿಕ್ಕಿಸಿ ಅವನೆಂದ, "ನಾಳೆ ಹತ್ತೋದಾದ್ರೆ ಒಂದೇ ಬಿಲ್ಲೆ ಹಾಕಿ ಅಕ್ಕಾ. ಒಂದಿದ್ರೂ ಹುಡ್ಕೋಕೆ ಬಂದೇ ಬರ್ತೀವಿ."

ಮರುದಿನ ಅವಳು ಒಂದು ಬಿಲ್ಲೆ ನೇತುಹಾಕಿ ಹತ್ತಿದಳು. ಮೊದಲ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದಳು. ಮೇಟಿ ಹಲಗೆಯ ಕೆಳಗೆ ಕುರ್ಚಿ ಹಾಕಿಕೊಂಡು, ದಾರಿಯ ಕಡೆ ಮುಖ ಮಾಡಿ ಕೂತಿದ್ದ.